ನಡುಮಧ್ಯಾಹ್ನದ ಕತ್ತಲೆ

ಶಿರಾಲಿಯ ಬೊಮ್ಮಯ್ಯನಿಗೆ ರಾತ್ರಿಯೆಲ್ಲ ಭಟ್ಕಳದ ಒಂದು ಐಸ್ ಪ್ಲಾಂಟಿನಲ್ಲಿ ಕಾವಲು, ಹಗಲು ನಿದ್ದೆ. ಆದರೆ ಮಲಗುವ ಕೋಣೆಯ ಕಿಟಕಿ ಜಗಲಿಯ ಕಡೆಗಿತ್ತು. ಮಧ್ಯಾಹ್ನವಾದರೆ ಬಿಸಿಲು ಸೀದಾ ಮುಖಕ್ಕೆ. ಪರದೆ ಹಾಕಿದರೆ ಪಕ್ಕದ ಮನೆಯ ಹನುಮಕ್ಕ ಜಗಲಿ ಹತ್ತಿ, ಸರಳಿನ ಸಂದಿಯಲ್ಲಿ ಕೈ ತೂರಿಸಿ, ಪರದೆ ಎತ್ತಿ ಕೇಳುತ್ತಿದ್ದಳು: “ಮಲ್ಗಿದ್ಯಾ ತಮಾ?”

ಮಲಗಿದ್ದವನು ಎದ್ದು ಕೂತು “ಹೌದಕ್ಕಾ” ಎನ್ನುತ್ತಿದ್ದ.

ಹೀಗಾಗಿ ಮೊನ್ನೆ ರಾತ್ರಿ ಐಸ್ ಪ್ಲಾಂಟಿನ ಗೇಟಿನಲ್ಲೇ ಗೊರಕೆ ಹೊಡೆದ. “ಇನ್ನೊಂದ್ ಸಲ ಕಂಡ್ರೆ, ಮನೆಲೇ ಮಲ್ಕೊ” ಎಂದರು ಧಣಿ.

ಕಿಟಕಿಗೆ ಒಳಗಿನಿಂದ ಮರದ ಬಾಗಿಲು ಕೂರಿಸುವುದೆಂದು ನಿರ್ಧಾರವಾಯಿತು. ಹೊನ್ನಾವರದ ಅಂಗಡಿಯಲ್ಲಿ ಕಂಡ, ಗಾಳಿಯಾಡುವ ಅಡ್ಡಪಟ್ಟಿಗಳ ಬಾಗಿಲು ಬೊಮ್ಮಯ್ಯನಿಗೆ ಬಹಳ ಹಿಡಿಸಿತ್ತು. ಬಡಗಿ ನಾಗರಾಜ ಒಂದೇ ಮಾತು ಕೇಳಿದ: “ನಿಂಗೆ ಗಾಳಿ ಬೇಕಾ, ನಿದ್ದೆ ಬೇಕಾ?”

“ನಿದ್ದೆ ಮಾರಾಯಾ!”

“ಹಂಗಾದ್ರೆ ಹಲಸಿನ ಹಲಗೆ. ಇರುವೆಗೂ ಸಂದಿ ಬಿಡೂದಿಲ್ಲ.”

ಇವತ್ತು ಬೆಳಿಗ್ಗೆ ಬಾಗಿಲು ಬಂತು, ಆದರೆ ಕೂರಲಿಲ್ಲ. “ನನ್ ಬಾಗ್ಲು ನೆಟ್ಟಗೇ ಇದೆ, ನಿನ್ ಗೋಡೆ ಸೊಟ್ಟ” ಎಂದು ನಾಗರಾಜ ಮೂರು ಸಲ ಹೆರೆದ. ಕೂತ ಮೇಲೆ ತೆರೆಯಲು ಹೋದರೆ ಮಂಚಕ್ಕೆ ಬಡಿಯಿತು. ಮಂಚ ಮೂಲೆಗೆ ಹೋಯಿತು, ಬೊಮ್ಮಯ್ಯನ ಕಾಲ್ಬೆರಳು ಅದರಡಿಗೆ.

ಹನ್ನೆರಡು ಗಂಟೆಗೆ ಚಿಲಕ ಬಿತ್ತು. ಕೋಣೆಯಲ್ಲಿ ಕಗ್ಗತ್ತಲೆ! ಬೊಮ್ಮಯ್ಯನಿಗೆ ತನ್ನ ಕೈಯೇ ಕಾಣಲಿಲ್ಲ. ಹೊರಗೆ ಸೂರ್ಯ ನೆತ್ತಿಯ ಮೇಲಿದ್ದಾನೆ, ಒಳಗೆ ಅಮಾವಾಸ್ಯೆ. ಇಷ್ಟು ವರ್ಷ ರಾತ್ರಿಯನ್ನೇ ಕಾದವನಿಗೆ ಇಂಥ ಚಂದದ ರಾತ್ರಿ ಸಿಕ್ಕಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಬಾಗಿಲು ಮಾಡಿದ ನಾಗರಾಜನೇ ದೇವಸ್ಥಾನದಲ್ಲಿ ನಿಂತವನಂತೆ ಪಿಸುಗುಟ್ಟಿದ: “ಎಂತ ಕತ್ಲೆ ಮಾರಾಯಾ!”

ಅಷ್ಟಕ್ಕೇ ಮಲಗಬೇಕಿತ್ತು. ಆದರೆ ಹೆಂಡತಿ ಗಂಗೆ, ಬಾಗಿಲು ಸರಿಯಾಗಿ ಕೂತರೆ ಇಡಗುಂಜಿ ಗಣಪನ ಹೆಸರಲ್ಲಿ ಪಂಚಕಜ್ಜಾಯ ಹಂಚುತ್ತೇನೆಂದು ಹರಕೆ ಹೇಳಿಕೊಂಡಿದ್ದಳು. ಪಂಚಕಜ್ಜಾಯಕ್ಕೆ ಬಂದವರು ಬಾಗಿಲು ನೋಡದೆ ಹೋಗುತ್ತಾರೆಯೇ? ಬೊಮ್ಮಯ್ಯನಿಗೂ ಹೆಮ್ಮೆ ತಡೆಯಲಿಲ್ಲ. ನಾಲ್ಕು ನಾಲ್ಕು ಜನರನ್ನು ಒಳಗೆ ಕರೆದು, ಚಿಲಕ ಹಾಕಿ ಕತ್ತಲೆ ತೋರಿಸಿದ. ಎಲ್ಲರೂ “ಅಬ್ಬಬ್ಬಾ!” ಎಂದರು.

ಕೊನೆಗೆ ಹನುಮಕ್ಕ ಬಂದಳು. ಹೆಗಲ ಮೇಲೆ ಒಂಬತ್ತು ತಿಂಗಳ ಮೊಮ್ಮಗಳು ಧನ್ಯಾ, ಊರಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ಬೊಮ್ಮಯ್ಯ ಚಿಲಕ ಹಾಕಿದ. ಅಳು ನಿಂತಿತು. ಗಂಗೆ ಟಾರ್ಚ್ ಹಿಡಿದು ನೋಡಿದರೆ ಮಗು ಗಾಢ ನಿದ್ದೆಯಲ್ಲಿತ್ತು.

“ಹುಟ್ಟಿದಾಗಿಂದ ಹಗಲು ಕಣ್ ಮುಚ್ಚಿದ್ದಿಲ್ಲ!” ಎಂದಳು ಹನುಮಕ್ಕ. ಹೇಳುತ್ತಲೇ ಮಗುವನ್ನು ಮಂಚದ ಮೇಲೆ ಮಲಗಿಸಿ ತಾನೂ ಪಕ್ಕದಲ್ಲಿ ಒರಗಿದಳು. “ಮಗೂನ ದಿನಾ ತಕಂಡ್ ಬತ್ತೆ, ಗಂಗೆ.”

“ಬಾ ಅಕ್ಕಾ, ಅದಕ್ಕೆಂತ” ಎಂದಳು ಗಂಗೆ. ನಿದ್ದೆ ಹೋದ ಮಗುವನ್ನು ಎಬ್ಬಿಸು ಎನ್ನಲು ಬೊಮ್ಮಯ್ಯನಿಗೂ ಬಾಯಿ ಬರಲಿಲ್ಲ.

ಚಾಪೆ ಹಿಡಿದು ಜಗಲಿಗೆ ಬಂದು, ತಗ್ಗು ಕಿಟಕಿಯ ಬುಡದಲ್ಲೇ ಹಾಸಿ ಮಲಗಿದ. ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಟವೆಲ್ ಮುಚ್ಚಿಕೊಂಡ. ಎರಡು ರಾತ್ರಿಯ ದಣಿವು, ಕಣ್ಣು ಹತ್ತಿತು.

ಹಲಸಿನ ಬಾಗಿಲು ಮೆಲ್ಲಗೆ ಎರಡು ಬೆರಳಷ್ಟು ತೆರೆಯಿತು. ಒಳಗಿನಿಂದ ಸರಳಿನ ಸಂದಿಯಲ್ಲಿ ಕೈಯೊಂದು ಹೊರಬಂದು ಟವೆಲ್ ಎತ್ತಿತು.

“ಮಲ್ಗಿದ್ಯಾ ತಮಾ?”

ಬೊಮ್ಮಯ್ಯ ಎದ್ದು ಕೂತ. “ಹೌದಕ್ಕಾ.”

“ಮಲ್ಗು, ಮಲ್ಗು. ಗೊರಕೆ ಮಾತ್ರ ಹೊಡಿಬೇಡ, ಮಗು ಏಳ್ತದೆ.”