ಕವಲು ಎಣಿಸುವ ಮೈದುನ

ನನ್ನ ಮೈದುನನಷ್ಟು ಓದಿದವರು ಮದ್ದೂರಿನಲ್ಲಿ ಬೇರೆ ಇದ್ದರೇನೋ. ಅವನಷ್ಟು ತಲೆ ತಿಂದವರಂತೂ ಇರಲಿಲ್ಲ! ಎಪ್ಪತ್ತರ ದಶಕದ ಕೊನೆ. ಬೆಂಗಳೂರಿನ ಆಫೀಸೊಂದರಲ್ಲಿ ಕಂಪ್ಯೂಟರ್ ಎಂಬ ಮಿಷನ್ನಿಗೆ ‘ಹೀಗೆ ಮಾಡು, ಹಾಗೆ ಮಾಡು’ ಎಂದು ಬರೆದುಕೊಡುವುದು ಅವನ ಕೆಲಸ. ಅದಕ್ಕೂ ಸಂಬಳ! ನಾನು ಮನೆಮಂದಿಗೆಲ್ಲ ಅದನ್ನೇ ಬಿಟ್ಟಿ ಹೇಳುತ್ತಿರಲಿಲ್ಲವೇ?

ಬರೆದದ್ದರಲ್ಲಿ ‘ಹೀಗಾದರೆ ಈ ದಾರಿ, ಇಲ್ಲವಾದರೆ ಆ ದಾರಿ’ ಎಂಬ ಕವಲುಗಳನ್ನು ಎಣಿಸಬೇಕಂತೆ. ಹತ್ತು ದಾಟಿತೋ, ಒಡೆದು ತುಂಡು ಮಾಡಿ ಹೊಸದಾಗಿ ಬರೆಯಬೇಕಂತೆ. ಬರೆದುಕೊಳ್ಳಲಿ, ಯಾರು ಬೇಡವೆಂದರು? ರಜೆಗೆ ಬಂದವನು ನನ್ನ ಸಂಸಾರಕ್ಕೇ ಕೈ ಹಾಕಿದ!

ನಮ್ಮತ್ತೆಗೆ ಸಕ್ಕರೆ ಕಾಯಿಲೆ, ಕಣ್ಣೂ ಮಂಜು. ಅವರನ್ನು ಸಂಭಾಳಿಸುವ ಬಗೆ ನನಗೊಬ್ಬಳಿಗೇ ಗೊತ್ತು. ಮಳವಳ್ಳಿಯಲ್ಲಿ ನಮ್ಮವ್ವ ಹಾಸಿಗೆ ಹಿಡಿದಿದ್ದರೂ ಬೆಳಿಗ್ಗೆ ಹೋಗಿ ಸಂಜೆ ಬಸ್ಸಿಗೆ ಓಡಿಬರುತ್ತಿದ್ದೆ. ಹಾಗೊಮ್ಮೆ ಹೊರಡುವಾಗ ಗಂಡನಿಗೆ ಹೇಳುತ್ತಿದ್ದೆ:

“ಅತ್ತೆ ಮುದ್ದೆ ಉಂಡ್ರೆ ಮಾತ್ರೆ ಕೊಡಿ. ಉಣ್ದಿದ್ರೆ ಗಂಜಿ ಕುಡ್ಸಿ ಕೊಡಿ. ಗಂಜಿನೂ ಬ್ಯಾಡ ಅಂದ್ರೆ ಕೆರಗೋಡಿನ ಅವರಣ್ಣನ ಸುದ್ದಿ ತೆಗೀರಿ. ಅಣ್ಣನ ಮ್ಯಾಲೂ ಮುನಿಸ್ಕಂಡಿದ್ರೆ...”

ಪಕ್ಕದಲ್ಲಿ ಮೈದುನ ಬೆರಳು ಮಡಿಸುತ್ತಿದ್ದ!

“ಅತ್ಗೆ, ಕೈಬೆರಳು ಸಾಲ್ದು. ಇದ್ನ ಒಡೀಬೇಕು.”

“ನಿನ್ ತಲೆ ಒಡೀತೀನಿ! ಇಷ್ಟ್ ವರ್ಸ ನಡೀತಿಲ್ವಾ?”

“ನಡೀತೈತೆ, ನೀವಿರಾಗಂಟ.”

ಮಾರನೆಯ ಬೆಳಿಗ್ಗೆ ನೋಡಿದರೆ ನನ್ನ ರಂಗೋಲಿ ಪುಡಿಯನ್ನೆಲ್ಲ ಸುರಿದು ಅಂಗಳದ ತುಂಬ ಚೌಕ, ಬಾಣ, ಕವಲು! ಪಕ್ಕದ ಮನೆಯಾಕೆ ಗೇಟಿನಲ್ಲೇ ನಿಂತುಬಿಟ್ಟಳು.

“ಇದ್ಯಾರು ಮಾಟ ಮಾಡ್ಸವ್ರೆ ಕಣಮ್ಮ?”

“ಮಾಟಗಾರ ನಮ್ಮನೆಯವ್ನೇ. ಎಮ್ಮೆಸ್ಸಿ ಓದವ್ನೆ!”

ಅತ್ತೆಯನ್ನು ನೋಡಿಕೊಳ್ಳುವ ನನ್ನ ಕೆಲಸವನ್ನೇ ಒಡೆದು ಚೌಕಕ್ಕೊಂದು ತುಂಡು ಹಾಕಿದ್ದ. ಉಣಿಸುವುದು ನನ್ನ ಗಂಡನ ಪಾಲು, ಮಾತ್ರೆ ಮೈದುನನ ಪಾಲು. ಅತ್ತೆ ಮುನಿದರೆ ರಮಿಸುವುದು? ಮಾಟಕ್ಕೆ ಹೆದರಿದ ಆ ಪಕ್ಕದ ಮನೆಯಾಕೆಯದೇ! ಒಬ್ಬೊಬ್ಬರನ್ನೂ ಅವರವರ ಚೌಕದಲ್ಲಿ ನಿಲ್ಲಿಸಿ, ಅವರ ಕೆಲಸವನ್ನಷ್ಟೇ ಬಾಯಿಪಾಠ ಮಾಡಿಸಿದ. ನನಗೆ ಮಾತ್ರ ಚೌಕವೇ ಇಲ್ಲ. ಮೈ ಉರಿದುಹೋಯಿತು.

“ನಾನೇನ್ ಸತ್ತೋದ್ನಾ? ನನ್ ಪಾಲೆಲ್ಲಿ?”

ಅವನು ಪುಡಿ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡ. “ನಡೀತಿರೋದ್ನ ಸುಮ್ಕೆ ಒಡೀಬಾರ್ದು ಅತ್ಗೆ. ಇನ್ನೊಬ್ರು ನಡುಸ್ಬೇಕು ಅಂದಾಗ ಒಡೀಬೇಕು. ನಿಮ್ ಪಾಲು ಮಳವಳ್ಳಿ. ಬಟ್ಟೆ ತಕ್ಕಂಡು ಒರಡಿ.”

ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿಕೊಂಡು ಬಂದೆ. ಅಂಗಳದ ಗೀಟು ಅಳಿಸದ ಹಾಗೆ ಸೀರೆ ಎತ್ತಿಕೊಂಡು ದಾಟಿದೆ.

ಮಳವಳ್ಳಿಯಲ್ಲಿ ಅವ್ವ ಮಲಗಿದ್ದಲ್ಲಿಂದಲೇ ಕೇಳಿದಳು: “ಸಂಜೆ ಬಸ್ಗೆ ಒತ್ತಾಗಲ್ವೇನೆ?”

“ಇವತ್ತು ಬಸ್ಸಿಲ್ಲ ಕಣವ್ವ,” ಎಂದು ಅವಳ ಮಗ್ಗುಲಲ್ಲಿ ಚಾಪೆ ಹಾಸಿದೆ.