ಲ್ಯಾಮಿನೇಟ್ ಆದ ಡಾಕ್ಟರು

ಈ ಸಲ ತನ್ನ ಅರ್ಜಿಯನ್ನು ಕಂಡವರು ಕುರ್ಚಿಯಿಂದ ಎದ್ದು ನಿಲ್ಲಬೇಕು ಎಂದು ಡಾಕ್ಟರ್ ರೆಂಬರ್ಟ್ ಪಾಲ್ಮಾರೆಸ್ ಪಣ ತೊಟ್ಟ. ಇಲೋಯಿಲೋ ನಗರದ ದೊಡ್ಡಾಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ರೆಸಿಡೆನ್ಸಿಗೆ ಇದ್ದದ್ದು ನಾಲ್ಕೇ ಸೀಟು. ಸಿಕ್ಕರೆ ಐದು ವರ್ಷ ಅಲ್ಲೇ ಬಿದ್ದು ಹೊರಳಾಡಿ ಸರ್ಜನ್ ಆಗಿ ಹೊರಬರಬಹುದು. ಸಿಗದಿದ್ದರೆ ಈಗಿನ ಹಾಗೆಯೇ ಮಾಲ್‌ನ ಎರಡನೇ ಮಹಡಿಯ ಕ್ಲಿನಿಕ್ಕಿನಲ್ಲಿ ಕೂತು, ಕೆಲಸಕ್ಕೆ ಸೇರುವವರ ನಾಲಿಗೆ ನೋಡಿ 'ಆರೋಗ್ಯವಂತ' ಎಂದು ಸಹಿ ಗೀಚುತ್ತ ಮುದುಕನಾಗಬೇಕು. ಹೋದ ವರ್ಷ ಅವನ ಅರ್ಜಿ ಬಿದ್ದುಹೋದದ್ದು ವಿದ್ಯೆಯ ಕೊರತೆಯಿಂದಲ್ಲ. ಹೊಟ್ಟೆಬಾಕತನದಿಂದ! ದಾರಿಯಲ್ಲಿ ಬಾಚೋಯ್ ತಿನ್ನಲು ನಿಂತು, ಆ ನೂಡಲ್ಸಿನ ಸಾರನ್ನೆಲ್ಲ ಮಹಾಶಯ ಕಾಗದಗಳಿಗೂ ಕುಡಿಸಿದ್ದ.

ಇದಕ್ಕೆ ಮದ್ದು ಮನೆಯಲ್ಲೇ ಇತ್ತು. ಹೆಂಡತಿ ಲುವಿಮಿನ್ ಯೂನಿವರ್ಸಿಟಿ ಗೇಟಿನೆದುರು ಝೆರಾಕ್ಸ್ ಅಂಗಡಿ ನಡೆಸುತ್ತಿದ್ದಳು. ಝೆರಾಕ್ಸು, ಅರ್ಜೆಂಟ್ ಫೋಟೋ, ಎಲ್ಲಕ್ಕಿಂತ ಮುಖ್ಯವಾಗಿ ಲ್ಯಾಮಿನೇಷನ್. ಆ ಊರಿನವರಿಗೆ ಲ್ಯಾಮಿನೇಷನ್ ಎಂದರೆ ಪ್ರಾಣ. ಮಗುವಿನ ಜ್ಞಾನಸ್ನಾನದ ಸರ್ಟಿಫಿಕೇಟು, ಮೂರನೇ ಕ್ಲಾಸಿನ ಓಟದ ಬಹುಮಾನಪತ್ರ, ಜೀಪ್ನಿ ಬಸ್ಸಿನ ದರಪಟ್ಟಿ, ತೀರಿಕೊಂಡ ಅಜ್ಜನ ಹೆಸರಿನ ಪ್ರಾರ್ಥನೆಯ ಚೀಟಿ, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ. ಹೊದಿಕೆಯಿಲ್ಲದ ಕಾಗದ ಅಲ್ಲಿ ಅನಾಥ.

ರೆಂಬರ್ಟ್ ತನ್ನ ಯೋಜನೆ ಹೇಳಿದಾಗ ಲುವಿಮಿನ್, ಮೊದಲು ಆಸ್ಪತ್ರೆಯ ಆಫೀಸಿನಲ್ಲಿ ಕೇಳಿಕೊಂಡು ಬಾ ಎಂದಳು. ಅವನಿಗೆ ನಗು ಬಂತು. ಮುದ್ದಿನಿಂದ ಅವನು ಅವಳನ್ನು 'ದಾಯ್' ಎಂದೂ ಅವಳು ಅವನನ್ನು 'ಟೋ' ಎಂದೂ ಕರೆಯುತ್ತಿದ್ದರು.

"ದಾಯ್, ನಾನು ನಾಳೆ ಸರ್ಜನ್ ಆಗೋನು. ಮೆಷಿನ್‌ಗೆ ಕಾಗದ ತೂರಿಸೋದು ನಂಗೆ ಹೇಳ್ಕೊಡ್ಬೇಕಾ?"

"ತೂರಿಸೋಕೆ ಎಲ್ರಿಗೂ ಬರುತ್ತೆ, ಟೋ. ಆಮೇಲೆ ಬಿಡಿಸ್ಕೊಡಿ ಅಂತ ಅಳ್ತಾ ಬರೋದು ನನ್ನ ಹತ್ರಾನೇ."

ಭಾನುವಾರ ಅವಳು ಚರ್ಚಿಗೆ ಹೋದದ್ದೇ ತಡ, ನಮ್ಮ ಮಹಾವೈದ್ಯರು ಅಂಗಡಿಯ ಬೀಗ ತೆಗೆದರು. ಡಿಗ್ರಿ, ಲೈಸೆನ್ಸು, ಅಂಕಪಟ್ಟಿ, ಜನನ ಪ್ರಮಾಣಪತ್ರ, ಪೊಲೀಸ್ ಸರ್ಟಿಫಿಕೇಟು, ಸದ್ಗುಣದ ಸರ್ಟಿಫಿಕೇಟು, ಹೀಗೆ ಹತ್ತು ಕಾಗದ ಮೆಷಿನ್ನಿನ ಬಾಯಿಗೆ ಹೋಗಿ ಗಾಜಿನಂತೆ ಹೊಳೆಯುತ್ತ ಹೊರಬಂದವು. ಹನ್ನೊಂದನೆಯದು ಹಿರಿಯ ಸರ್ಜನ್ ಡಾಕ್ಟರ್ ಬಾಲ್ಬೀನೊ ಕೊಟ್ಟಿದ್ದ ಶಿಫಾರಸು ಪತ್ರ. ಅದನ್ನು ಅರ್ಜಿದಾರ ಓದಕೂಡದು ಎಂದು ಲಕೋಟೆ ಅಂಟಿಸಿ, ಅಂಟಿನ ಮೇಲೆ ಸಹಿಯನ್ನೂ ಹಾಕಿದ್ದರು. ಇಷ್ಟೊಂದು ಗೌಪ್ಯವಾದ ಪತ್ರಕ್ಕೆ ಇನ್ನೂ ಹೆಚ್ಚಿನ ರಕ್ಷಣೆ ಬೇಡವೇ? ಲಕೋಟೆಯನ್ನು ಲಕೋಟೆಯಾಗಿಯೇ ಲ್ಯಾಮಿನೇಟ್ ಮಾಡಿದ.

ಗುರುವಾರ ಬೆಳಿಗ್ಗೆ ಒಂದು ಡಬ್ಬಿ ಬಿಸ್ಕೋಚೊ ರಸ್ಕು ಹಿಡಿದು ವಿಭಾಗದ ಕಾರ್ಯದರ್ಶಿ ಮಿಸ್ ಪಾಸ್ ಅವರ ಮುಂದೆ ನಿಂತ. ಇಪ್ಪತ್ತಾರು ವರ್ಷದ ಸರ್ವೀಸಿನ ಹೆಂಗಸು. ಉಬ್ಬು ಮೊಹರು ಅಸಲಿಯೋ ನಕಲಿಯೋ ಎಂದು ಹೆಬ್ಬೆರಳಲ್ಲೇ ಹೇಳುವವರು. ಆ ಹೆಬ್ಬೆರಳು ಅಂಕಪಟ್ಟಿಯ ಮೇಲೆ ಜಾರಿತು. ಡಿಗ್ರಿಯ ಮೇಲೂ ಜಾರಿತು. ಅನುಮಾನಿಸುತ್ತ 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಒತ್ತಿದರು. ಶಾಯಿ ಕೂರಲಿಲ್ಲ, ಅವರ ಅಂಗಿಯ ಬಿಳಿ ತೋಳಿಗೇ ಹತ್ತಿತು. ಕೊನೆಗೆ ಆ ಲಕೋಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದನ್ನ ತೆರೆಯೋದು ಹೇಗೆ, ಡಾಕ್?"

ಪ್ಲಾಸ್ಟಿಕ್ಕನ್ನು ಕತ್ತರಿಸಬಹುದು ಎಂದ ರೆಂಬರ್ಟ್. ಹಾಗಾದರೆ ಹನ್ನೊಂದನ್ನೂ ಕತ್ತರಿಸಿ ನಾಳೆ ಐದು ಗಂಟೆಯೊಳಗೆ ತನ್ನಿ, ನಾಳೆಯೇ ಕೊನೆ ದಿನ ಎಂದು ಅವರು ಅರ್ಜಿಯನ್ನು ವಾಪಸು ತಳ್ಳಿದರು. ಬಿಸ್ಕೋಚೊ ಡಬ್ಬಿ ಮಾತ್ರ ಸ್ವೀಕೃತವಾಯಿತು.

ಲುವಿಮಿನ್ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ನಾಲ್ಕಕ್ಕೆ ಅಂಗಡಿ ಮುಚ್ಚಿ ಬರುತ್ತೇನೆ, ಅಲ್ಲಿಯತನಕ ಏನನ್ನೂ ಮುಟ್ಟಬೇಡ ಎಂದಳು. ಆದರೆ ಶಸ್ತ್ರವೈದ್ಯನ ರಕ್ತ ನಾಲ್ಕು ಗಂಟೆಯವರೆಗೆ ಸುಮ್ಮನಿರುತ್ತದೆಯೇ? ಊಟದ ಮೇಜು ಆಪರೇಷನ್ ಮೇಜಾಯಿತು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದ. ಗ್ಲೌಸು ತೊಟ್ಟ. ಹೊಸ ಸರ್ಜಿಕಲ್ ಬ್ಲೇಡು ಬಿಚ್ಚಿದ. ಮೊದಲ ರೋಗಿ, ಶಿಫಾರಸು ಪತ್ರ. ಶಿಲುಬೆಯ ಗುರುತು ಮಾಡಿಕೊಂಡು ಒಂದೇ ಗೀರು ಎಳೆದ. ಪ್ಲಾಸ್ಟಿಕ್ ಸೀಳಿತು. ಲಕೋಟೆ ಸೀಳಿತು. ಒಳಗಿನ ಪತ್ರ, ಕೆಳಗಿನ ಮೇಜುಬಟ್ಟೆ ಎರಡೂ ಸೀಳಿದವು!

ಓದಬಾರದ ಪತ್ರ ತಾನಾಗಿ ಎರಡು ಹೋಳಾಗಿ ಮಡಿಲಿಗೆ ಬಿತ್ತು. ಎಡ ಹೋಳಿನಲ್ಲಿ 'ಈ ಯುವಕನ ಕೈ ಎಂಥ ಹೊತ್ತಿನಲ್ಲೂ' ಎಂದಿತ್ತು. ಬಲ ಹೋಳಿನಲ್ಲಿ 'ತಪ್ಪುವುದಿಲ್ಲ' ಎಂದಿತ್ತು. ಇನ್ನೊಂದು ಪತ್ರ ಬರೆಸೋಣವೆಂದರೆ ಬಾಲ್ಬೀನೊ ಸಾಹೇಬರು ಮಗಳ ಮದುವೆಗೆ ಅಂದೇ ಬೆಳಿಗ್ಗೆ ಸೆಬುಗೆ ಹಾರಿದ್ದರು.

ರೆಂಬರ್ಟ್‌ಗೆ ನಿಜವಾಗಿಯೂ ಅಳು ಬಂತು. ಇನ್ನೊಂದು ವರ್ಷ ಮಾಲ್, ಇನ್ನೊಂದು ಸಾವಿರ ನಾಲಿಗೆ!

ನಾಲ್ಕೂವರೆಗೆ ಬಂದ ಲುವಿಮಿನ್ ಬೈಯಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು. ಬ್ಲೇಡನ್ನು ಅವನ ಕೈಯಿಂದ ತೆಗೆದು ಕಪಾಟಿನ ಮೇಲಿಟ್ಟಳು. ತಲೆಕೂದಲು ಒಣಗಿಸುವ ಡ್ರೈಯರನ್ನು ಅವನ ಕೈಗೆ ಕೊಟ್ಟು, ತಾನು ಕುರ್ಚಿ ಎಳೆದುಕೊಂಡು ಕೂತಳು.

"ಇಲ್ಲಿ ಹಿಡಿ. ಇನ್ನೂ ದೂರ. ಕಾಗದ ಬಿಸಿ ಮಾಡು ಅಂದೆ, ಹುರಿ ಅನ್ಲಿಲ್ಲ."

ಪ್ಲಾಸ್ಟಿಕ್ಕಿನ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಮಗುವಿನ ಗಾಯದ ಪಟ್ಟಿ ತೆಗೆಯುವ ಹಾಗೆ ಇಷ್ಟಿಷ್ಟೇ ಸುಲಿದಳು. ಹತ್ತೂ ಕಾಗದ ಬಿಟ್ಟುಬಂದವು. ಒಂದೂ ಹರಿಯಲಿಲ್ಲ, ಒಂದಕ್ಷರವೂ ಅಳಿಸಲಿಲ್ಲ. ರೆಂಬರ್ಟ್ ಎರಡು ಗಂಟೆ ಡ್ರೈಯರ್ ಹಿಡಿದು ತೋಳು ನೋಯಿಸಿಕೊಂಡ.

ಮರುದಿನ ಮಿಸ್ ಪಾಸ್ ಅವರ ಹೆಬ್ಬೆರಳಿಗೆ ಸಮಾಧಾನವಾಯಿತು. ಆದರೆ ಸೀಳಿದ ಪತ್ರಕ್ಕೆ, ಅದು ಸೀಳಿದ್ದು ಹೇಗೆಂದು ನೋಟರಿ ಮುಂದೆ ಆಣೆಯಿಟ್ಟು ಬರೆಸಿದ ಪ್ರಮಾಣಪತ್ರ ಬೇಕು ಎಂದರು. 'ಅನಿವಾರ್ಯ ಕಾರಣಗಳಿಂದ' ಎಂದು ರೆಂಬರ್ಟ್ ಶುರುಮಾಡಿದ. ನೋಟರಿ ಕನ್ನಡಕದ ಮೇಲಿಂದ ನೋಡಿ, ದೇವರ ಮೇಲೆ ಆಣೆಯಿಡುತ್ತೀಯ, ನಿಜ ಬರೆಸು ಎಂದ. ಹೀಗಾಗಿ 'ನಾನೇ, ನನ್ನ ಬ್ಲೇಡಿನಿಂದಲೇ, ಮುಟ್ಟಬೇಡವೆಂದು ಹೆಂಡತಿ ಹೇಳಿದ ಮೇಲೂ' ಎಂದು ಮೂರು ಪ್ರತಿಗಳಲ್ಲಿ ದಾಖಲಾಯಿತು. ಅದು ಮಿಸ್ ಪಾಸ್ ಅವರ ಕೈ ಸೇರಿದಾಗ ಐದಕ್ಕೆ ಆರು ನಿಮಿಷವಿತ್ತು.

ಸಂದರ್ಶನದ ದಿನ ವಿಭಾಗದ ಮುಖ್ಯಸ್ಥೆ ಡಾಕ್ಟೋರಾ ದಿವಿನಾಗ್ರಾಸಿಯಾ ಆ ಪ್ರಮಾಣಪತ್ರವನ್ನು ಸಮಿತಿಗೆ ಗಟ್ಟಿಯಾಗಿ ಓದಿ ಹೇಳಿದರು. ಎರಡು ಸಲ. ಸಮಿತಿಯವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ರೆಂಬರ್ಟ್ ತನ್ನ ಬೂಟು ನೋಡುತ್ತ ಕೂತ. ಆಮೇಲೆ ಡಾಕ್ಟೋರಾ ಉಳಿದ ಹತ್ತು ಕಾಗದಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರು. ಅವರು ನಗುತ್ತಿರಲಿಲ್ಲ.

"ಇವನ್ನ ಬಿಡಿಸಿದ್ದು ಯಾರು?"

"ನನ್ನ ಹೆಂಡತಿ, ಡಾಕ್ಟೋರಾ."

ಅವರು ಮೇಜಿನ ಡ್ರಾಯರ್ ಎಳೆದು ಒಂದು ಹಳದಿಯಾದ ಪ್ಲಾಸ್ಟಿಕ್ ಹಾಳೆ ತೆಗೆದರು. ಒಳಗೆ ಅವರದೇ ಸರ್ಜನ್ ಸರ್ಟಿಫಿಕೇಟು. ತಾಯಿ ಸಂತೋಷದಿಂದ ಲ್ಯಾಮಿನೇಟ್ ಮಾಡಿಸಿದ್ದರಂತೆ. ಮೂವತ್ತು ವರ್ಷದಿಂದ ಯಾವ ಆಫೀಸಿನವರೂ ಅದರ ಮೇಲೆ ಮುದ್ರೆ ಒತ್ತಲು ಒಪ್ಪುತ್ತಿಲ್ಲ, ಬಿಡಿಸಲು ತನಗೂ ಧೈರ್ಯ ಬಂದಿಲ್ಲ ಎಂದರು.

"ನಾಲ್ಕನೇ ಸೀಟು ನಿಂದು. ಸುಳ್ಳು ಬರೀಲಿಲ್ಲ ಅಂತ ಕೊಡ್ತಿದೀನಿ. ಆದ್ರೆ ಪ್ರತಿ ಶನಿವಾರ ನಿನ್ನ ಹೆಂಡತಿ ಅಂಗಡೀಲಿ ಕೂತು ಕೈ ಪಳಗಿಸ್ಕೋ. ಇದನ್ನ ಒಂದು ಗೀರೂ ಬೀಳದೆ ಬಿಡಿಸಿ ತಂದ ದಿನ ಮನುಷ್ಯರನ್ನ ಮುಟ್ಟುವೆಯಂತೆ."

ರೆಂಬರ್ಟ್ ಓಡೋಡಿ ಅಂಗಡಿಗೆ ಬಂದು ಸೀಟು ಸಿಕ್ಕಿದ್ದನ್ನು ಒಂದೇ ಉಸಿರಿಗೆ ಹೇಳಿದ. ಲುವಿಮಿನ್ ಎಲ್ಲರೆದುರು ಅವನನ್ನು ಅಪ್ಪಿಕೊಂಡು ಅತ್ತಳು. ಅವನು ಷರತ್ತನ್ನು ಹೇಳಿದ ಮೇಲೆ ಕಣ್ಣೊರೆಸಿಕೊಂಡು ಕೌಂಟರಿನ ಹಿಂದೆ ಹೋಗಿ ಕೂತಳು.

"ಶನಿವಾರ ತುಂಬ ಗಿರಾಕಿ ಇರ್ತಾರೆ, ಡಾಕ್. ಸುಮ್ನೆ ಯಾರನ್ನೋ ಒಳಗೆ ಬಿಟ್ಕೊಳ್ಳೋಕಾಗಲ್ಲ. ಒಂದು ಅರ್ಜಿ, ಎರಡು ಫೋಟೋ, ಒಂದು ಶಿಫಾರಸು ಪತ್ರ ತಂದ್ಕೊಡಿ, ನೋಡೋಣ."