ಪ್ರಾಗಿನಲ್ಲಿ ಹೆತ್ತೂರು ಕೊಡೆ

ಮೃತ್ಯುಂಜಯನ ಮಾನ ಹೋದದ್ದು ಒಂದು ಕೊಡೆಯಿಂದ.

ಕೊಡೆ ಅಂದರೆ ಪೇಟೆಯವರು ಕೈಚೀಲದಲ್ಲಿ ಮಡಚಿಡುವ ಬಾವಲಿ ಮರಿಯಂಥದ್ದಲ್ಲ. ಹೆತ್ತೂರಿನ ಕೊಡೆ. ಬಿಚ್ಚಿದರೆ ಅದರಡಿ ಒಂದು ತುಂಬು ಸಂಸಾರ, ಎರಡು ನಾಯಿ, ಒಂದು ಗೊಬ್ಬರದ ಮೂಟೆ ನೆನೆಯದೆ ನಿಲ್ಲಬಹುದು. ಮಡಚಿದರೆ ಎದುರಿಗೆ ಬಂದ ಕಾಡುಹಂದಿಯೂ ಒಂದು ಗಳಿಗೆ ಯೋಚನೆ ಮಾಡಿ ವಾಪಸು ಹೋಗುತ್ತದೆ. ಮದುವೆಮನೆಯ ಜಗಲಿಯಲ್ಲಿ ಕರಿಕೊಡೆಗಳ ರಾಶಿಯೇ ಬೀಳುವ ಊರದು. ಹೊರಡುವಾಗ ತನ್ನದು ಯಾವುದು ಅಂತ ಗೊತ್ತಾಗಬೇಕಲ್ಲ? ಅದಕ್ಕೇ ಅಲ್ಲಿಯವರು ಕೊಡೆಬಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಸುತ್ತಾರೆ. ಮೃತ್ಯುಂಜಯ ಬರೆಸಿದ 'ಮೃತ್ಯುಂಜಯ, ಹೆತ್ತೂರು' ಎಂಥ ಅಕ್ಷರವೆಂದರೆ, ಎದುರುಗುಡ್ಡದಲ್ಲಿ ನಿಂತ ಮುದುಕರು ಕನ್ನಡಕ ತೆಗೆದಿಟ್ಟು ಓದುತ್ತಿದ್ದರು.

ಕಾಫಿಗೆ ರೇಟು ಬಂದ ವರ್ಷ ಅದು. ಪಕ್ಕದ ತೋಟದ ಶಾಂತಮಲ್ಲಪ್ಪ ಪ್ಯಾಕೇಜ್ ಟೂರಿನಲ್ಲಿ ಯುರೋಪಿಗೆ ಹೋಗಿ, ಟೂರಿನವರೇ ಕರೆತಂದ ಅಡಿಗೆಭಟ್ಟನ ಕೈಯಲ್ಲಿ ಮೂರು ಹೊತ್ತೂ ಅನ್ನ ಸಾರು ಉಂಡು ಬಂದು ಊರಿನ ಕಿವಿ ತೂತು ಮಾಡಿದ್ದ.

"ಅದೂ ಒಂದು ಟೂರಾ ಶಾಂತಣ್ಣ?" ಎಂದಿದ್ದ ಮೃತ್ಯುಂಜಯ. "ಹತ್ತು ಅಂದ್ರೆ ಹತ್ತೋದು, ಇಳಿ ಅಂದ್ರೆ ಇಳಿಯೋದು. ನಾನು ಬೆನ್ನಿಗೊಂದು ಚೀಲ ಏರಿಸ್ಕೊಂಡು ಒಬ್ನೇ ಹೋಗ್ಬತ್ತೀನಿ. ಬ್ಯಾಕ್‌ಪ್ಯಾಕರ್ ಅಂತಾರೆ ಅದ್ಕೆ. ಖರ್ಚು ಕಮ್ಮಿ, ಗತ್ತು ಜಾಸ್ತಿ."

"ಹೋಗು ಮಾರಾಯ, ಹೋಗು. ಅನ್ನ ಇಲ್ದೆ ಅಳ್ತಾ ಕೂತ್ಕೋತೀಯ. ಅಲ್ಲಿ ಬಿಸಿ ಅನ್ನದ ಜೊತೆ ನಿಂದೊಂದು ಫೋಟೊ ಕಳ್ಸ್‌ಬುಡು, ಈ ಜನ್ಮದಲ್ಲಿ ನಿನ್ನ ಮುಂದೆ ಟೂರಿನ ಮಾತೆತ್ತಲ್ಲ."

ಕೊಡೆ ಕೊಟ್ಟವಳು ಹೆಂಡತಿ ಸುಲೋಚನಮ್ಮ. "ಅಲ್ಲೂ ಮಳೆ ಬತ್ತದಂತೆ ಕಣ್ರೀ" ಎಂದು ಚೀಲಕ್ಕೆ ಸಿಕ್ಕಿಸಿದ್ದಳು.

ಹೊರಟವನು ಸುಮಾರು ಊರು ಸುತ್ತಿದ. ಒಂದರ ಮೇಲೊಂದು ಮಂಚ ಪೇರಿಸಿದ ಅಗ್ಗದ ಕೋಣೆಗಳಲ್ಲಿ, ಜಗತ್ತಿನ ಎಲ್ಲ ಭಾಷೆಯ ಗೊರಕೆ ಕೇಳುತ್ತ ಮಲಗಿದ. ಮನೆಯಿಂದ ತಂದ ಅಕ್ಕಿರೊಟ್ಟಿ ಮೊದಲು ಮುಗಿಯಿತು, ಆಮೇಲೆ ಚಟ್ನಿಪುಡಿ, ಆಮೇಲೆ ಚಟ್ನಿಪುಡಿ ಇದ್ದ ಡಬ್ಬಿಯ ವಾಸನೆ. ಮೊಟ್ಟೆಯನ್ನೂ ಮುಟ್ಟದ ಮನೆತನದವನು ಹೋಟೆಲಿನ ಬಾಗಿಲಲ್ಲಿ ಇಣುಕಿದರೆ, ತಟ್ಟೆತಟ್ಟೆಯಲ್ಲೂ ಹಂದಿ ಬೇರೆಬೇರೆ ವೇಷ ಹಾಕಿಕೊಂಡು ಕೂತಿರುತ್ತಿತ್ತು. ಬ್ರೆಡ್ಡು ಬಾಳೆಹಣ್ಣು, ಬಾಳೆಹಣ್ಣು ಬ್ರೆಡ್ಡು. ಪ್ರಾಗ್ ತಲುಪುವ ಹೊತ್ತಿಗೆ ಅವನ ಹೊಟ್ಟೆ ಅವನ ಜೊತೆ ಮಾತು ಬಿಟ್ಟಿತ್ತು.

ಪ್ರಾಗಿನಲ್ಲಿ ಅದು ಕಡೇ ದಿನ. ಸಂಜೆಗೆ ವಿಮಾನ. ಶಾಂತಮಲ್ಲಪ್ಪ ದಿನಾ ಫೋನು ಮಾಡಿ "ಊಟ ಆಯ್ತಾ ಜಯಣ್ಣ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಗುತ್ತಿದ್ದ. ಬೆಳಿಗ್ಗೆ ಮೇಲಿನ ಮಂಚದವನು ಒಂದು ಅಮೃತದಂಥ ಸುದ್ದಿ ಹೇಳಿದ: ನದಿಯ ಆಚೆ ದಡದ ಗಲ್ಲಿಯಲ್ಲಿ ನೇಪಾಳದವನೊಬ್ಬನ ಸಣ್ಣ ಹೋಟೆಲಿದೆ, ಮಧ್ಯಾಹ್ನ ಬಿಸಿ ಅನ್ನ, ಬೇಳೆ ಸಾರು, ಪಲ್ಯ, ನೀರಿನ ಬೆಲೆಗೆ. ಎರಡು ಗಂಟೆಗೆ ಬಾಗಿಲು ಹಾಕಿಬಿಡುತ್ತಾನೆ.

ಮೃತ್ಯುಂಜಯ ಹಸಿದ ಹೋರಿಯ ಹಾಗೆ ಹೊರಟ.

ದಾರಿಯಲ್ಲಿ ಹಳೇ ಪಟ್ಟಣದ ಚೌಕ. ಅಲ್ಲೊಂದು ಮುತ್ತಾತನ ಕಾಲದ ಗಡಿಯಾರವಿದೆ, ಗಂಟೆ ಹೊಡೆಯುವಾಗ ಗೊಂಬೆಗಳು ಹೊರಗೆ ಬರುತ್ತವೆ. ಹನ್ನೆರಡಾಗಲು ಸ್ವಲ್ಪವೇ ಹೊತ್ತಿತ್ತು. ಬಿಟ್ಟಿ ನೋಟ, ಬಿಡುವುದುಂಟೇ? ನಿಂತ. ಗೊಂಬೆಗಳು ಬಂದವು, ಹೋದವು. 'ಇಷ್ಟೇನಾ? ಇದಕ್ಕೆ ಇಷ್ಟು ಜನವಾ?' ಅಂದುಕೊಳ್ಳುವಷ್ಟರಲ್ಲಿ ಆಕಾಶದಲ್ಲಿ ಒಂದು ಮೋಡ ಕರ್ರಗಾಯಿತು.

ಹೆತ್ತೂರಿನವರಿಗೆ ಕೊಡೆ ಬಿಚ್ಚಲು ಮಳೆಯೇ ಬರಬೇಕೆಂದಿಲ್ಲ. ಮೋಡ ಕಂಡರೆ ಕೈ ತಾನೇ ಏಳುತ್ತದೆ. ಬಿಚ್ಚಿದ. ಸುತ್ತ ಜನ ಮುತ್ತಿದ್ದರಿಂದ ಯಾರ ಕಣ್ಣಿಗೂ ತಾಗದಿರಲೆಂದು ತಲೆಯಿಂದ ಮೇಲಕ್ಕೆ ಎತ್ತಿ ಹಿಡಿದ. ಒಂದು ಹನಿಯೂ ಬೀಳಲಿಲ್ಲ. ಜನ ಮಾತ್ರ ಬಂದು ಬಿದ್ದರು.

ಪಾಪ, ಅವರದೇನು ತಪ್ಪು? ಆ ಊರಿನಲ್ಲಿ ಕಾಸಿಲ್ಲದೆ ಊರು ತೋರಿಸುವ ಗೈಡುಗಳಿರುತ್ತಾರೆ. ಒಬ್ಬೊಬ್ಬರೂ ಒಂದೊಂದು ಕೊಡೆಯನ್ನು ಮೇಲೆತ್ತಿ ಹಿಡಿದು ಚೌಕದಲ್ಲಿ ನಿಲ್ಲುತ್ತಾರೆ. ಕೊಡೆ ಎದ್ದರೆ ಜನ ಹಿಂದೆ ಹೋಗುತ್ತಾರೆ. ಉಳಿದ ಗೈಡುಗಳ ಕೊಡೆ ಅಣಬೆಯಷ್ಟಿದ್ದರೆ ಇವನದು ಆನೆಯಷ್ಟಿತ್ತು. ಮೇಲೆ ಮುತ್ತು ಪೋಣಿಸಿದಂಥ ಯಾವುದೋ ಲಿಪಿಯಲ್ಲಿ ಬಿಳಿ ಬೋರ್ಡು ಬೇರೆ. ಇದು ದೊಡ್ಡ ಕಂಪನಿಯೇ ಇರಬೇಕು ಎಂದುಕೊಂಡರು.

ಮೃತ್ಯುಂಜಯನಿಗೆ ಇದೊಂದೂ ಗೊತ್ತಿಲ್ಲ. ಅವನು ನಡೆದ. ಹಿಂದೆ ಹೆಜ್ಜೆ ಸದ್ದು. ತಿರುಗಿದ. ಅವರೂ ತಿರುಗಿದರು. ಬೂಟಿನ ದಾರ ಕಟ್ಟಲು ಬಗ್ಗಿದ. ತೇರಿಗೆ ಸೇರುವಷ್ಟು ಜನ ಗಕ್ಕನೆ ನಿಂತು ಅವನ ಬೂಟಿನ ಫೋಟೊ ತೆಗೆದರು. ಬೀದಿಯ ಹೆಸರು ಓದಲು ಗೋಡೆ ನೋಡಿದ. ಎಲ್ಲರೂ ಗೋಡೆ ನೋಡಿ "ಓ!" ಎಂದರು.

'ಜೇಬುಗಳ್ಳರು! ಇಷ್ಟೊಂದು ಜನ, ಒಂದು ಜೇಬಿಗೆ!' ಎಂದು ಸೊಂಟದ ಚೀಲ ಅವುಚಿಕೊಂಡು ಓಡುನಡಿಗೆ ಹಾಕಿದ. ಅವರೂ ಓಡುನಡಿಗೆ ಹಾಕಿದರು. ತಳ್ಳುಬಂಡಿಯ ಮಗು, ಊರುಗೋಲಿನ ಅಜ್ಜಿ, ಎಲ್ಲರೂ. ಊರುಗೋಲಿನ ಅಜ್ಜಿಯೇ ಎಲ್ಲರಿಗಿಂತ ಮುಂದೆ.

ಕೊನೆಗೆ ಸೇತುವೆಯ ಬಾಯಲ್ಲಿ ಏದುಸಿರು ಬಿಡುತ್ತ ನಿಂತು, ಚೌಕದಿಂದಲೂ ಮಗ್ಗುಲಿಗೇ ಅಂಟಿಕೊಂಡು ಬಂದಿದ್ದ ಬೋಳುತಲೆಯ ಉದ್ದನೆಯ ಮನುಷ್ಯನನ್ನು ತನ್ನ ಎಸ್ಟೇಟ್ ಇಂಗ್ಲಿಷಿನಲ್ಲಿ ತರಾಟೆಗೆ ತೆಗೆದುಕೊಂಡ.

"ಏನ್ರೀ, ಯಾಕೆ ನನ್ನ ಹಿಂದೆ ಬರ್ತಾ ಇದೀರ?"

ಬೋಳುತಲೆಯವನು ಕೈಕಟ್ಟಿ ನಿಂತು, "ನೀವು ಕರೆದುಕೊಂಡು ಹೋದ ಕಡೆ ಬರ್ತೀವಿ ಸಾರ್" ಎಂದ, ವಿಧೇಯ ವಿದ್ಯಾರ್ಥಿಯ ಹಾಗೆ.

"ನಾನು ಊಟಕ್ಕೆ ಹೋಗ್ತಿದೀನಿ. ಅನ್ನ. ಬಿಸಿ ಅನ್ನ. ತುಂಬಾ ಅಗ್ಗ."

ಆತ ಅದನ್ನು ಗುಂಪಿಗೆ ಎರಡು ಮೂರು ಭಾಷೆಯಲ್ಲಿ ಸಾರಿದ. ಚಪ್ಪಾಳೆ ಬಿತ್ತು.

ಹೆತ್ತೂರಿನಲ್ಲಿ ತೋಟದ ಆಳುಗಳೂ ಮೃತ್ಯುಂಜಯನ ಮಾತಿಗೆ ಹಿಂದಿರುಗಿ ನೋಡಿದವರಲ್ಲ. ಇಲ್ಲಿ ಚಪ್ಪಾಳೆ! 'ಪಾಪ, ಇವರೂ ನನ್ನ ಹಾಗೆ ಹಸಿದವರು' ಎನ್ನಿಸಿತು. ಎದೆ ಕಾಫಿ ಮೂಟೆಯ ಹಾಗೆ ಉಬ್ಬಿತು. ಸುಮ್ಮನೆ ಹೋಗುವುದು ಮರ್ಯಾದೆಯಲ್ಲ ಎಂದು ವಿವರಣೆ ಶುರುವಿಟ್ಟ.

"ಈ ಹೊಳೆ ಚೆನ್ನಾಗೈತೆ. ಆದ್ರೆ ನಮ್ಮ ಹೇಮಾವತಿ ಮಳೆಗಾಲದಲ್ಲಿ ಮುನಿಸ್ಕೊಂಡ್ರೆ ಇಂಥ ಹೊಳೆನ ಕಾಫಿ ಲೋಟಕ್ಕೆ ಹಾಕ್ಕೊಂಡು ಕುಡೀತಾಳೆ." ಗುಡ್ಡದ ಮೇಲಿನ ಅರಮನೆ ತೋರಿಸಿ, "ದೊಡ್ಡದೇ. ಒಪ್ತೀನಿ. ನಮ್ಮ ದೋಣಿಗಲ್ ಹತ್ರ ಮಂಜರಾಬಾದ್ ಕೋಟೆ ಐತೆ, ನಕ್ಷತ್ರದ ಆಕಾರದ್ದು. ಇದಕ್ಕೆ ಆಕಾರಾನೇ ಇಲ್ವಲ್ರೀ!"

ಬೋಳುತಲೆಯವನು ಎಲ್ಲವನ್ನೂ ಭಕ್ತಿಯಿಂದ ಭಾಷಾಂತರಿಸಿದ. ಮೃತ್ಯುಂಜಯ ಬಿಟ್ಟಿ ನೀರಿನ ನಲ್ಲಿ ತೋರಿಸಿದ, ಕಾಸು ಕೇಳದ ಕಕ್ಕಸು ತೋರಿಸಿದ, ಹಿಂದಿನ ದಿನದ ಬ್ರೆಡ್ಡನ್ನು ಅಗ್ಗಕ್ಕೆ ಮಾರುವ ಅಂಗಡಿ ತೋರಿಸಿದ. ಅರಮನೆಗೆ ಬೀಳದ ಚಪ್ಪಾಳೆ ಕಕ್ಕಸಿಗೆ ಬಿತ್ತು. ಗುಂಪು ದಾರಿಯುದ್ದಕ್ಕೂ ಬೆಳೆಯಿತು. ಬೇರೆ ಕೊಡೆಗಳ ಹಿಂದಿದ್ದವರೂ ಇತ್ತ ಜಿಗಿದರು.

ನಡುವೆ ಶಾಂತಮಲ್ಲಪ್ಪನ ಫೋನು. "ಊಟ ಆಯ್ತಾ ಜಯಣ್ಣ?"

"ಊಟಕ್ಕೇ ಹೊಂಟಿದೀನಿ ಶಾಂತಣ್ಣ. ಫೋಟೊ ಬತ್ತದೆ, ಕಣ್ಣು ಒರೆಸ್ಕೊಂಡು ಕೂತಿರು."

"ಬೇಗ ಕಳ್ಸು. ಸುಲೋಚನಮ್ಮ, ನಿನ್ನ ತಮ್ಮ ರಾಜಶೇಖರ, ಎಲ್ಲಾ ನಮ್ಮನೇಲೇ ಕಾಫಿ ಕುಡೀತಾ ಕೂತವ್ರೆ!"

ನೇಪಾಳದವನ ಹೋಟೆಲ್ ಸಿಕ್ಕಿತು. ಅದರ ಬಾಗಿಲಿಂದ ಬಂದ ಬೇಳೆಸಾರಿನ ಒಗ್ಗರಣೆ ವಾಸನೆಗೆ ಮೃತ್ಯುಂಜಯ ಕಣ್ಣುಮುಚ್ಚಿ ಮೂಗರಳಿಸಿ ನಿಂತ. ಅಷ್ಟರಲ್ಲಿ ಹಿಂದಿನ ದಂಡು ಅವನನ್ನು ದಾಟಿ ಒಳಗೆ ನುಗ್ಗಿ, ಬೆಂಚು, ಕುರ್ಚಿ, ಕಿಟಕಿಕಟ್ಟೆ, ಖಾಲಿ ಪೆಟ್ಟಿಗೆ, ಎಲ್ಲದರ ಮೇಲೂ ಕೂತುಬಿಟ್ಟಿತು. ಮಾಲೀಕ ಒಬ್ಬನೇ. ಬಡಿಸುವ ಹುಡುಗ ಅವತ್ತು ರಜ. ಅವನು ತಲೆಯ ಮೇಲೆ ಕೈಹೊತ್ತು ನಿಂತ.

ಮೃತ್ಯುಂಜಯನಿಗೂ ಒಂದು ಕುರ್ಚಿ ಬಿಟ್ಟಿದ್ದರು. ಕೂರಬಹುದಿತ್ತು. ಅಲ್ಲೇ ಎಡವಿದ್ದು ಅವನು.

ಯಾಕೆಂದರೆ ಹೆತ್ತೂರಿನ ಕಡೆ, ಜನರನ್ನು ಊಟಕ್ಕೆ ಕರೆತಂದವನು ಮೊದಲ ಪಂಕ್ತಿಯಲ್ಲಿ ಕೂರುವ ಹಾಗಿಲ್ಲ. ಕೂತರೆ ಅವನ ಮರಿಮಕ್ಕಳ ಕಾಲಕ್ಕೂ ಆ ಮನೆಗೆ ಹೆಣ್ಣು ಕೊಡುವುದಿಲ್ಲ. ಅದರಲ್ಲೂ ಬಡಿಸುವವರಿಲ್ಲದ ಪಂಕ್ತಿ ಕಂಡರೆ ಅಲ್ಲಿಯ ಗಂಡಸರ ಕೈ ಬಕೆಟ್ ಹುಡುಕುತ್ತದೆ. ಕೊಡೆಯನ್ನು ಬಾಗಿಲಿಗೆ ಒರಗಿಸಿದ. ಗೂಟದಲ್ಲಿದ್ದ ಏಪ್ರನ್ ಕಟ್ಟಿದ. ಅನ್ನದ ಬಕೆಟ್ ಎತ್ತಿದ.

ಆಮೇಲೆ ನೋಡಿ ಮಜ! ಯುರೋಪು ಖಂಡ ಹುಟ್ಟಿದಂದಿನಿಂದ ಅಂಥ ಉಪಚಾರ ಕಂಡಿರಲಿಲ್ಲ. "ಇನ್ನೊಂಚೂರು ಹಾಕ್ಸ್ಕೊಳಿ. ಏನ್ರೀ ಇದು, ಗುಬ್ಬಿ ತಿಂದಂಗೆ ತಿಂತೀರ? ಅಜ್ಜಿ, ನಾಚ್ಕೋಬ್ಯಾಡಿ. ಸಾರು, ಸಾರು!" ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದವರಿಗೆ ಬೆರಳಸಂದಿಯಲ್ಲಿ ಬಡಿಸಿದ. ಸಾಕೆಂದು ಎದ್ದವರನ್ನು ಭುಜ ಒತ್ತಿ ಕೂರಿಸಿ ಬಡಿಸಿದ. ಮೂಗಿನ ತುದಿಯಿಂದ ಬೆವರು, ನಾಲಿಗೆ ತುದಿಯಿಂದ ಜೊಲ್ಲು, ಎರಡೂ ಒಟ್ಟಿಗೆ ಇಳಿಯುತ್ತಿದ್ದವು. 'ಇವರದು ಮುಗೀಲಿ, ಎರಡನೇ ಪಂಕ್ತೀಲಿ ನಾನು. ಅನ್ನದ ಗುಡ್ಡ ಮಾಡಿ, ಮಧ್ಯೆ ಕೆರೆ ತೋಡಿ, ಸಾರು ಹುಯ್ಕೊಂಡು...'

ಸಾಲಿನ ಕೊನೆಗೆ ಬೋಳುತಲೆಯವನು ಕೂತಿದ್ದ. ಅವನ ತಟ್ಟೆಗೆ ಹಾಕಿದಾಗ ಸೌಟು ಬಕೆಟ್ಟಿನ ತಳಕ್ಕೆ ಬಡಿದು ಠಣ್ ಎಂದಿತು.

"ಇನ್ನಷ್ಟು ಅನ್ನ?" ಎಂದು ಮೃತ್ಯುಂಜಯ ಮಾಲೀಕನ ಕಡೆ ತಿರುಗಿದ.

ಮಾಲೀಕ ಕೈಮುಗಿದ. "ಮುಗೀತು ಭಾಯಿ. ಒಲೆ ಆರಿಸಿದೆ. ಎರಡು ಗಂಟೆ ಆಯ್ತು." ಎಂದವನು, ಉಪಕಾರ ಮರೆಯಬಾರದೆಂದು ಅವನ ಅಂಗೈಗೆ ಒಂದು ಚಿಟಿಕೆ ಸೋಂಪು ಹಾಕಿದ. ಊಟವಾದ ಮೇಲೆ ಜೀರ್ಣಕ್ಕೆ ತಿನ್ನುವುದು ಅದು, ಇವನದು ಖಾಲಿ ಹೊಟ್ಟೆ.

ಬೋಳುತಲೆಯವನು ಕೊನೆಯ ತುತ್ತು ಚಪ್ಪರಿಸಿ ಎದ್ದುಬಂದು ಎರಡೂ ಕೈಯಲ್ಲಿ ಇವನ ಕೈ ಹಿಡಿದು ಕುಲುಕಿದ. "ಸಾರ್, ನಾನೇ ಈ ಗುಂಪಿನ ಗೈಡ್. ಇವತ್ತು ನನಗೆ ಮೊದಲ ದಿನ. ನಿಮ್ಮ ಕೊಡೆ ನೋಡಿದ ಕೂಡಲೇ ಆಫೀಸಿನವರು ನನಗೆ ಕಲಿಸೋಕೆ ಹಿರಿಯರನ್ನ ಕಳಿಸಿದಾರೆ ಅಂತ ಗೊತ್ತಾಯ್ತು. ನನ್ನ ಕೊಡೆ ಮಡಚಿ ಚೀಲದಲ್ಲಿಟ್ಟೆ. ನಾಳೆಯಿಂದ ನಂದೂ ಇದೇ ದಾರಿ. ನಲ್ಲಿ, ಕಕ್ಕಸು, ಬ್ರೆಡ್ಡು, ಅನ್ನ!"

ಮೃತ್ಯುಂಜಯ ಸೋಂಪು ಅಗಿಯುತ್ತ ನಿಂತ.

"ನೀವು ಬಡಿಸೋದನ್ನ ನಿಮ್ಮ ಫೋನಲ್ಲೇ ಫೋಟೊ ತೆಗೆದಿದೀನಿ ಸಾರ್, ನೋಡಿ" ಎಂದ ಗೈಡು. ಊಟದ ಗಡಿಬಿಡಿಯಲ್ಲಿ ಮೇಜಿನ ಮೇಲಿಟ್ಟಿದ್ದ ಫೋನು.

ನೋಡಿದ. ಕಣ್ಣು ಅರಳಿತು. ಬಿಸಿ ಅನ್ನ ಹೊಗೆಯಾಡುತ್ತಿದೆ. ಜೊತೆಗೆ ತಾನಿದ್ದೇನೆ. ಶಾಂತಮಲ್ಲಪ್ಪ ಕೇಳಿದ್ದು ಇದೇ ತಾನೆ? ಅವನು ತಟ್ಟೆಯ ಅನ್ನ ಕೇಳಿದ್ದ, ಇಲ್ಲಿ ಬಕೆಟ್ಟೇ ಇದೆ! ಹೊಟ್ಟೆಗೆ ಬೀಳದಿದ್ದರೇನು, ಮಾನ ಉಳಿಯಿತು. 'ಅನ್ನಕ್ಕೇನು ಇಲ್ಲಿ ಬರವಾ ಶಾಂತಣ್ಣ?' ಎಂದು ಬರೆದು ಹೆತ್ತೂರು ಬೆಳೆಗಾರರ ವಾಟ್ಸಾಪ್ ಗುಂಪಿಗೆ ಒತ್ತಿದ.

ಸೋಂಪು ನುಂಗುವಷ್ಟರಲ್ಲಿ ಫೋನು ಬಂತು. ಶಾಂತಮಲ್ಲಪ್ಪ. ಈ ಸಲ ನಗುತ್ತಿರಲಿಲ್ಲ.

"ಜಯಣ್ಣ... ಎಂಥ ಕೆಲಸ ಆಗೋಯ್ತಲ್ಲೋ! ಕಾಸು ಖಾಲಿಯಾಗಿದ್ರೆ ಒಂದು ಮಾತು ಹೇಳೋದಲ್ವೇನೋ? ಹೋಟ್ಲಲ್ಲಿ ಸಪ್ಲಯರ್ ಕೆಲಸಕ್ಕೆ ಸೇರ್ಕೊಬುಟ್ಯಾ?"

"ಏಯ್, ಸಪ್ಲಯರ್ರೂ ಇಲ್ಲ, ಎಂಥದ್ದೂ ಇಲ್ಲ! ಅವ್ರು ನನ್ನ ಹಿಂದೆ ಬಂದ್ರು, ನಾನು ಬಡಿಸ್ದೆ, ಅಷ್ಟೇಯ!"

"ಏಪ್ರನ್ ಬೇರೆ ಕಟ್ಟವ್ರೆ ಕಣೋ ನಿಂಗೆ! ನಾಚ್ಕೋಬ್ಯಾಡ, ದುಡಿದು ತಿನ್ನೋದ್ರಲ್ಲಿ ತಪ್ಪಿಲ್ಲ. ರಾಜಶೇಖರ ಅಂತೂ ಸಕಲೇಶಪುರಕ್ಕೇ ಹೊಂಟವ್ನೆ, ನಿನ್ನ ಬುಡಿಸ್ಕೊಂಡು ಬರೋಕೆ ಯಾರನ್ನ ಹಿಡೀಬೇಕು ಕೇಳಾಕೆ. ಏ ಸುಮ್ಕಿರಿ ಎಲ್ಲ, ಸುಲೋಚನಮ್ಮ ಮಾತಾಡ್ತಾರಂತೆ."

ಫೋನು ಕೈ ಬದಲಾಯಿತು. ಬಿಕ್ಕುವ ಸದ್ದು. ಹಿಂದೆ ಇಡೀ ಹೆತ್ತೂರು ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿತ್ತು.

"ರೀ, ನನ್ನಾಣೆ, ಸುಳ್ಳು ಹೇಳ್ಬ್ಯಾಡಿ. ಅಷ್ಟು ಜನಕ್ಕೆ ಬಡಿಸ್ತಿದ್ದೀರಲ್ಲ... ನಿಮ್ಗೆ ಹೊಟ್ಟೆಗೆ ಏನಾದ್ರೂ ಹಾಕುದ್ರಾ?"

ಮೃತ್ಯುಂಜಯ ಬಕೆಟ್ಟಿನ ತಳ ನೋಡಿದ. ಎರಡು ಅಗುಳು ಅಂಟಿಕೊಂಡಿದ್ದವು. ಅವನ ಬಾಯಿಂದ ಆ ಪ್ರವಾಸದಲ್ಲೇ ಮೊದಲ ಸಲ ಗತ್ತಿಲ್ಲದ ಒಂದು ನಿಜ ಹೊರಬಿತ್ತು.

"ಇಲ್ಲ ಕಣೆ."

ಅತ್ತ ಕಡೆ ಹೆಂಗಸರು ಗಂಡಸರು ಎನ್ನದೆ ಎಲ್ಲರೂ ಒಟ್ಟಿಗೆ ಗೊಳೋ ಎಂದರು.